ಭಾನುವಾರದ ಸೈಕಲ್ಲು, ಕಾಫಿ, ಹೋಳಿಗೆ: ಸ್ವರಚನೆಯ ಒಂದು ಪಾಠ

(ಹಿಂದೂಪುರ ಮತ್ತು ಕಲ್ಯಾಣದುರ್ಗ ಪರಿಸರದ ಕನ್ನಡ ತರಗತಿಗಳಿಗೆ. ತರಗತಿ: 6ರಿಂದ 8. ಅವಧಿ: ನಾಲ್ಕು ಪಿರಿಯಡ್‌ಗಳು)

‘ನಾನು ರಜಾದಿನವನ್ನು ಕಳೆದ ಬಗೆ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದರೆ ನಮ್ಮ ಕೈಗೆ ಬರುವ ಹಾಳೆಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ‘ಬೆಳಗ್ಗೆ ಬೇಗ ಎದ್ದೆನು. ಸ್ನಾನ ಮಾಡಿದೆನು. ಗೆಳೆಯರೊಂದಿಗೆ ಸೈಕಲ್ ಹೊಡೆದೆನು. ಹಬ್ಬದ ಊಟ ಮಾಡಿದೆನು. ತುಂಬಾ ಸಂತೋಷವಾಯಿತು.’ ಈ ಐದು ವಾಕ್ಯಗಳಲ್ಲಿ ವ್ಯಾಕರಣದೋಷವಿಲ್ಲ. ಅಂಕ ಕೊಡದಿರಲು ಕಾರಣವೂ ಇಲ್ಲ. ಆದರೆ ಇವು ಯಾವ ಊರಿನ, ಯಾವ ಮಗುವಿನ, ಯಾವ ವರ್ಷದ ರಜೆಗಾದರೂ ಹೊಂದುತ್ತವೆ. ಯಾವ ರಸ್ತೆ, ಯಾರ ಸೈಕಲ್ಲು, ಊಟಕ್ಕೆ ಏನಿತ್ತು, ಯಾರು ಬಡಿಸಿದರು ಎಂಬುದೊಂದೂ ತಿಳಿಯುವುದಿಲ್ಲ.

ಮಗುವಿಗೆ ಹೇಳಲು ಏನೂ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಅದೇ ಮಗು ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುನ್ನ ಶಾಲೆಯ ಅಂಗಳದಲ್ಲಿ ಗೆಳೆಯರೊಡನೆ ಹೇಳುವ ಭಾನುವಾರದ ಕಥೆಯನ್ನು ಶಿಕ್ಷಕರು ಐದು ನಿಮಿಷ ಕಿವಿಗೊಟ್ಟು ಕೇಳಲಿ. ಚೈನು ಕಳಚಿದ್ದು, ಪಂಕ್ಚರಿನವನು ಸಾಲ ಹೇಳಿದ್ದಕ್ಕೆ ಬೈದದ್ದು, ಮೂವರು ಎರಡು ಕಾಫಿ ಹಂಚಿಕೊಂಡದ್ದು ಎಲ್ಲವೂ ಅಲ್ಲಿರುತ್ತವೆ. ಆ ಮಾತು ಮನೆಯ ಕನ್ನಡದಲ್ಲಿ, ಬೀದಿಯ ತೆಲುಗನ್ನು ಬೆರೆಸಿಕೊಂಡು ಸಾಗುತ್ತದೆ. ನೋಟುಪುಸ್ತಕದಲ್ಲಿ ಆ ಭಾಷೆಗೆ ಪ್ರವೇಶವಿಲ್ಲವೆಂಬುದನ್ನು ಮಗು ಮೂರನೆಯ ತರಗತಿಯ ಹೊತ್ತಿಗೇ ಕಲಿತಿರುತ್ತದೆ. ಕೆಂಪು ಶಾಯಿ ಅದನ್ನು ಕಲಿಸಿರುತ್ತದೆ. ಆದ್ದರಿಂದ ಮಗು ತಪ್ಪಾಗಲಾರದ ಐದು ವಾಕ್ಯಗಳನ್ನು ಆರಿಸಿಕೊಳ್ಳುತ್ತದೆ.

ಕರ್ನಾಟಕದ ಶಾಲೆಗೆ ಇದೊಂದು ಬೋಧನಾ ಸಮಸ್ಯೆ ಮಾತ್ರ. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನದು. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾದಾಗ ಹಿಂದೂಪುರ ಆ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಜಿಲ್ಲೆ ಯಾವುದಾದರೂ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತ ಬಂದಿದೆ. ವಿಧಿಯು ಶಾಲೆಯನ್ನು ಕೊಡಬಲ್ಲದು. ಮಗುವಿಗೆ ಆ ಶಾಲೆಯ ಕನ್ನಡ ತನ್ನದೆನಿಸುವಂತೆ ಮಾಡುವುದು ತರಗತಿಯೊಳಗಿನ ಕೆಲಸ. ತನ್ನ ಭಾನುವಾರವನ್ನು ಕನ್ನಡದಲ್ಲಿ ಬರೆಯಲಾಗದ ಮಗುವಿಗೆ ಕನ್ನಡ ಪರೀಕ್ಷೆಯ ಭಾಷೆಯಾಗಿಬಿಡುತ್ತದೆ. ಪರೀಕ್ಷೆಗೇ ಆದರೆ ಬೇರೆ ಮಾಧ್ಯಮ ಮೇಲೆಂದು ತಂದೆತಾಯಿಗಳು ಯೋಚಿಸಿದಾಗ ನಮ್ಮಲ್ಲಿ ಉತ್ತರವಿರುವುದಿಲ್ಲ.

ವಿಷಯವನ್ನು ಕಿರಿದಾಗಿಸುವುದು

ಮೊದಲ ಪಿರಿಯಡ್‌ನಲ್ಲಿ ‘ರಜಾದಿನ’ ಎಂಬ ಪದವನ್ನೇ ಬಿಡಬೇಕು. ಒಂದು ದಿನ, ಒಂದು ದಾರಿ, ಜೊತೆಗಿದ್ದವರು, ದಾರಿಯಲ್ಲಿ ಕುಡಿದದ್ದು, ಮನೆಗೆ ಬಂದು ಉಂಡದ್ದು: ಇಷ್ಟೇ ವಿಷಯ. ಹಬ್ಬ ಭಾನುವಾರವೇ ಬರಬೇಕೆಂದಿಲ್ಲ. 2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು, ಎಲ್ಲ ವರ್ಷವೂ ಹಾಗಾಗದು. ಹಬ್ಬದ ಮರುದಿನದ ತಂಗಳು ಹೋಳಿಗೆಯೂ ಆಗುತ್ತದೆ. ಅದರ ರುಚಿ ಹೆಚ್ಚೆಂದು ಹೇಳುವ ಮಕ್ಕಳೇ ಹೆಚ್ಚು.

ಹಿಂದೂಪುರದ ಮಕ್ಕಳಿಗೆ ದಾರಿ ಸಿದ್ಧವಾಗಿಯೇ ಇದೆ. ಲೇಪಾಕ್ಷಿ ಅಲ್ಲಿಂದ ಸುಮಾರು 15 ಕಿ.ಮೀ. ದೊಡ್ಡ ಬಸವಣ್ಣನನ್ನು, ನೆಲಕ್ಕೆ ತಾಗದ ಕಂಬವನ್ನು ಎಲ್ಲರೂ ಬರೆಯುತ್ತಾರೆ, ಏಕೆಂದರೆ ಅವು ಪುಸ್ತಕದಲ್ಲಿವೆ. ಅಚ್ಯುತದೇವರಾಯನ ಕಾಲದಲ್ಲಿ ವಿರುಪಣ್ಣ ಮತ್ತು ವೀರಣ್ಣ ಸೋದರರು ಕಟ್ಟಿಸಿದ ಆ ಗುಡಿಯ ಆವರಣದಲ್ಲಿ ಮಕ್ಕಳು ನಿಜವಾಗಿ ನಿಂತು ನೋಡುವುದು ಬೇರೊಂದನ್ನು: ನೆಲದ ಬಂಡೆಯಲ್ಲಿ ಕೆತ್ತಿದ ತಟ್ಟೆಗಳನ್ನು. ಪಲ್ಯಕ್ಕೂ ಚಟ್ನಿಗೂ ಬೇರೆಬೇರೆ ಗುಳಿ ಮಾಡಿದಂತಿರುವ ಆ ಕಲ್ಲಿನ ತಟ್ಟೆಗಳಲ್ಲಿ ಶಿಲ್ಪಿಗಳು ಉಣ್ಣುತ್ತಿದ್ದರೆಂದು ಊರಿನವರು ಹೇಳುತ್ತಾರೆ. ಹಬ್ಬದೂಟದ ಬಗ್ಗೆ ಬರೆಯಬೇಕಾದ ಮಗುವಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಗುಡಿಯ ಶಾಸನಗಳಲ್ಲಿ ಕನ್ನಡ ಶಾಸನಗಳೂ ಇರುವುದನ್ನು ಶಿಕ್ಷಕರು ತೋರಿಸಬಹುದು. ಅಕ್ಷರ ಓದಲಾಗದಿದ್ದರೂ ‘ಇದು ನಮ್ಮದು’ ಎಂಬ ಬೆರಗು ಉಳಿಯುತ್ತದೆ. ಕಲ್ಯಾಣದುರ್ಗದ ಕಡೆಯವರಿಗೆ ಪಾವಗಡದ ದಿಕ್ಕಿನ ರಸ್ತೆ, ಆ ದಾರಿಯ ಕಂಬದೂರು, ಅಲ್ಲಿನ ಮಲ್ಲಿಕಾರ್ಜುನ ದೇವಾಲಯ ಇವೆ. ಪಾಠಕ್ಕಾಗಿ ಮಕ್ಕಳನ್ನು ಹೆದ್ದಾರಿಯಲ್ಲಿ ಸೈಕಲ್ ಹತ್ತಿಸಿ ಕಳುಹಿಸಬೇಕೆಂಬ ಅರ್ಥ ಇದಕ್ಕಿಲ್ಲ. ಕೆರೆ ಏರಿಯ ತನಕ ಹೋಗಿ ಬಂದ ದಾರಿಯೂ ದಾರಿಯೇ.

ಮಾತಿನ ಪಿರಿಯಡ್

ಎರಡನೆಯ ಪಿರಿಯಡ್‌ನಲ್ಲಿ ಯಾರೂ ಬರೆಯಬಾರದು. ಮಕ್ಕಳು ಹೇಳುತ್ತಾರೆ, ಶಿಕ್ಷಕರು ಬಂದ ಪದಗಳನ್ನು ಬಂದ ಹಾಗೆಯೇ ಕರಿಹಲಗೆಯ ಮೇಲೆ ಬರೆಯುತ್ತಾರೆ. ಪೆಡಲು, ಚೈನು, ಬ್ರೇಕು, ಕ್ಯಾರಿಯರ್, ಟ್ಯೂಬು, ಗಾಳಿ. ಇವಕ್ಕೆ ‘ಶುದ್ಧ’ ಕನ್ನಡ ಪದಗಳನ್ನು ಹುಡುಕಿ ಕೊಡುವುದು ಕಾಲಹರಣ. ಸೈಕಲ್ಲನ್ನು ‘ದ್ವಿಚಕ್ರವಾಹನ’ವೆಂದು ತಿದ್ದಿದ ನೋಟುಪುಸ್ತಕಗಳು ತರಬೇತಿ ಶಿಬಿರಗಳಿಗೆ ಈಗಲೂ ಬರುತ್ತವೆ, ಬರೆದ ಹುಡುಗ ಮೋಟಾರು ಸೈಕಲ್ಲಿನಲ್ಲಿ ಹೋದನೋ ಎಂಬ ಅನುಮಾನ ಓದುವವರಿಗೆ ಬರುತ್ತದೆ. ಎತ್ತರದ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ತುಳಿಯುವುದಕ್ಕೆ ‘ಒಳಪೆಡಲು’ ಎಂಬ ಪದವನ್ನು ನಮ್ಮ ಮಕ್ಕಳೇ ಮಾಡಿಕೊಂಡಿದ್ದಾರೆ. ಕನ್ನಡದ ‘ಒಳ’ ಮತ್ತು ಇಂಗ್ಲಿಷಿನ ‘ಪೆಡಲು’ ಸೇರಿದ ಈ ಸಮಾಸವನ್ನು ಬಿಡಿಸುವಾಗ ಅರಿಸಮಾಸದ ಪಾಠ ತಾನಾಗಿಯೇ ನಡೆಯುತ್ತದೆ.

ವ್ಯಾಕರಣಕ್ಕೆ ಇನ್ನೊಂದು ಅವಕಾಶ ಗಾಳಿಯದು. ‘ಗಾಳಿ ಹೊಡೆದೆ’ ಎಂದರೆ ಪಂಪು ನನ್ನ ಕೈಯಲ್ಲಿತ್ತು. ‘ಗಾಳಿ ಹೊಡೆಸಿದೆ’ ಎಂದರೆ ಅಂಗಡಿಯವನ ಕೈಯಲ್ಲಿತ್ತು, ನನ್ನ ಜೇಬಿನಿಂದ ದುಡ್ಡು ಹೋಯಿತು. ಪ್ರೇರಣಾರ್ಥಕ ಕ್ರಿಯಾಪದವನ್ನು ‘ಮಾಡು–ಮಾಡಿಸು’ ಎಂದು ಉರು ಹೊಡೆಸುವುದರ ಬದಲು ಇಲ್ಲಿಂದ ಹೊರಟರೆ ಮಕ್ಕಳೇ ‘ಪಂಕ್ಚರ್ ಹಾಕಿಸಿದೆ’, ‘ಚೈನು ಬಿಗಿ ಮಾಡಿಸಿದೆ’ ಎಂದು ಮುಂದುವರಿಸುತ್ತಾರೆ.

‘ನಾವು’ ಎಂಬ ಪದದಲ್ಲಿ ಶಿಕ್ಷಕರು ಸ್ವಲ್ಪ ನಿಲ್ಲಬೇಕು. ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ಬೀದಿಯಲ್ಲಿ ಎರಡು ಭಾಷೆಗಳನ್ನೂ ಆಡುವ ನಮ್ಮ ಮಗುವಿಗೆ ಈ ಭೇದ ಚೆನ್ನಾಗಿ ಗೊತ್ತು. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ‘ನಾವು ಲೇಪಾಕ್ಷಿಗೆ ಹೋದೆವು’ ಎಂದು ಬರೆದಾಗ ಮಗುವಿನ ಮನಸ್ಸಿನಲ್ಲಿ ‘ಮೇಮು’ ಸ್ಪಷ್ಟವಾಗಿದ್ದರೂ ಓದುಗನಿಗೆ ಅದು ಸಿಗುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುವವನು ಮೊದಲು ಯಾರು ಯಾರು ಎಂದು ಹೇಳಿಯೇ ‘ನಾವು’ ಎನ್ನಬೇಕಾಗುತ್ತದೆ. ಇದನ್ನು ವಿವರಿಸಿದರೆ ‘ಗೆಳೆಯರೊಂದಿಗೆ’ ಎಂಬ ಸವೆದ ಪದ ತಾನೇ ಮರೆಯಾಗಿ ಹೆಸರುಗಳು ಬರುತ್ತವೆ. ದ್ವಿಭಾಷಿಕ ಮಗುವಿನ ತಿಳಿವಳಿಕೆಯನ್ನು ಕನ್ನಡ ಬರಹಕ್ಕೆ ಬಳಸಿಕೊಳ್ಳುವ ಬಗೆಗೆ ಇದಕ್ಕಿಂತ ಸರಳ ಉದಾಹರಣೆ ನನಗೆ ತಿಳಿದಿಲ್ಲ.

ಕಾಫಿ ಮತ್ತು ಉಗ್ಗಾಣಿ

ದಾರಿಯ ಹೋಟೆಲಿನಲ್ಲಿ ಸಿಗುವುದು ಉಗ್ಗಾಣಿ–ಬಜ್ಜಿ ಮತ್ತು ಕಾಫಿ. ಮಂಡಕ್ಕಿಯನ್ನು ನೀರಿನಲ್ಲಿ ತೋಯಿಸಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದರೆ ಉಗ್ಗಾಣಿ. ಬಳ್ಳಾರಿ, ದಾವಣಗೆರೆಯ ಕಡೆ ಇದಕ್ಕೆ ಒಗ್ಗರಣೆ ಮಂಡಕ್ಕಿ ಎನ್ನುತ್ತಾರೆ. ಜೊತೆಗೆ ಮೆಣಸಿನಕಾಯಿ ಬಜ್ಜಿ ಅಲ್ಲಿಯೂ ಉಂಟು. ಒಂದೇ ಪದಾರ್ಥಕ್ಕೆ ಕನ್ನಡದಲ್ಲಿಯೇ ಮಂಡಕ್ಕಿ, ಪುರಿ, ಚುರುಮುರಿ ಎಂಬ ಹೆಸರುಗಳಿವೆ. ನಮ್ಮ ಕಡೆಯ ತೆಲುಗಿನಲ್ಲಿ ಬೊರುಗುಲು. ಈ ನಾಲ್ಕನ್ನೂ ಹಲಗೆಯ ಮೇಲೆ ಬರೆದು ಯಾರ ಮನೆಯಲ್ಲಿ ಯಾವುದು ಎಂದು ಕೈ ಎತ್ತಿಸಿದರೆ ತರಗತಿಯ ಭಾಷಾನಕ್ಷೆ ಹತ್ತು ನಿಮಿಷದಲ್ಲಿ ಮೂಡುತ್ತದೆ. ಮಗು ‘ಉಗ್ಗಾಣಿ’ ಎಂದು ಬರೆದರೆ ಹಾಗೆಯೇ ಇರಲಿ. ಅದು ಆ ತಿಂಡಿಯ ಹೆಸರು, ಹೆಸರಿಗೆ ಅನುವಾದ ಬೇಡ.

‘ಕಾಫಿ’ ಅರಬರ ‘ಕಹ್ವಾ’ದಿಂದ ತುರ್ಕಿ ಮತ್ತು ಯೂರೋಪಿನ ಭಾಷೆಗಳನ್ನು ಹಾದು ಬಂದ ಪದವೆಂದು ಒಂದು ಮಾತು ಹೇಳಬಹುದು. ಮುಖ್ಯವಾದದ್ದು ಕ್ರಿಯಾಪದ. ತೆಲುಗಿನ ‘ತಾಗು’ ಎಂದರೆ ಕುಡಿ. ಕನ್ನಡದ ‘ತಾಗು’ ಎಂದರೆ ಮುಟ್ಟು, ತಟ್ಟು. ‘ಕಾಫಿ ಕೈಗೆ ತಾಗಿತು’ ಎಂಬ ವಾಕ್ಯವನ್ನು ಕೊಟ್ಟು ನೋಡಿ. ತರಗತಿ ನಗುತ್ತದೆ, ಪದಭೇದ ನೆನಪಿನಲ್ಲಿ ನಿಲ್ಲುತ್ತದೆ.

ಹೋಳಿಗೆಯ ಪಾಠ

ಪಾಠದ ಹೃದಯ ಇಲ್ಲಿದೆ. ಮೂರನೆಯ ಪಿರಿಯಡ್ ಪೂರ್ತಿ ಇದಕ್ಕೇ ಬೇಕು. ಹಿಂದಿನ ದಿನ ಮಕ್ಕಳಿಗೆ ಮನೆಗೆಲಸವಾಗಿ ಒಂದು ಪ್ರಶ್ನೆ ಕೊಡಬೇಕು: ಹೋಳಿಗೆ ಮಾಡುವುದನ್ನು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದು ತರುವುದು. ಪುಸ್ತಕದಲ್ಲಿ ಸಿಗದ ಪದಗಳು ಅಂದು ತರಗತಿಗೆ ಬರುತ್ತವೆ. ತೊಗರಿಬೇಳೆಯನ್ನೋ ಕಡಲೆಬೇಳೆಯನ್ನೋ ಬೇಯಿಸಿ ನೀರು ಬಸಿಯುವುದು. ಬಸಿದ ನೀರೇ ‘ಕಟ್ಟು’; ಅದರಿಂದ ಕಟ್ಟಿನ ಸಾರು. ತೆಲುಗಿನ ಮನೆಗಳಲ್ಲಿ ಅದೇ ‘ಕಟ್ಟು ಚಾರು’. ಬೆಂದ ಬೇಳೆಗೆ ಬೆಲ್ಲ ಹಾಕಿ ಕುದಿಸಿ, ಏಲಕ್ಕಿ ಸೇರಿಸಿ ರುಬ್ಬಿದರೆ ಹೂರಣ. ಎಣ್ಣೆ ಹಾಕಿ ನಾದಿ ನೆನೆಯಲು ಬಿಟ್ಟ ಹಿಟ್ಟು ಕಣಕ. ಕಣಕದೊಳಗೆ ಹೂರಣವಿಟ್ಟು ಮುಚ್ಚಿ, ಬಾಳೆಯೆಲೆಯ ಮೇಲೆ ತಟ್ಟಿ, ಕಾವಲಿಯ ಮೇಲೆ ಬೇಯಿಸುವುದು. ಬಸಿ, ರುಬ್ಬು, ನಾದು, ತಟ್ಟು, ಮಗುಚು: ಒಂದು ಅಡುಗೆಯಲ್ಲಿ ಎಷ್ಟೊಂದು ಧಾತುಗಳು! ಇಂಥ ವಿಷಯವನ್ನು ಹಿಂದಿನವರು ಕಡೆಗಣಿಸಿರಲಿಲ್ಲ. ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಅಡುಗೆಯ ಕೃತಿಯನ್ನೇ ಷಟ್ಪದಿಯಲ್ಲಿ ರಚಿಸಿದನು.

ಇನ್ನು ಹೆಸರಿನ ಮಾತು. ಮಗು ‘ಓಳಿಗೆ’ ಎಂದು ಬರೆಯುತ್ತದೆ. ಇದನ್ನು ತೆಲುಗೆಂದು ಭಾವಿಸಿ ಹೊಡೆದುಹಾಕಿ ‘ಒಬ್ಬಟ್ಟು’ ಎಂದು ಬರೆಯುವುದು ಕೆಲವೆಡೆ ರೂಢಿ. ಎರಡೂ ಕಡೆಯ ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಕರಾವಳಿಯ ತೆಲುಗಿನಲ್ಲಿ ಈ ಭಕ್ಷ್ಯಕ್ಕೆ ‘ಬೊಬ್ಬಟ್ಟು’ ಎನ್ನುತ್ತಾರೆ. ಕನ್ನಡದ ‘ಒಬ್ಬಟ್ಟು’ ಅದಕ್ಕೆ ಹತ್ತಿರ. ರಾಯಲಸೀಮೆಯ ತೆಲುಗಿನಲ್ಲಿ ‘ಓಳಿಗ’. ಕನ್ನಡದ ‘ಹೋಳಿಗೆ’ ಅದಕ್ಕೆ ಹತ್ತಿರ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತೆಂದು ನಾವು ಪಾಲು–ಹಾಲು, ಪೂ–ಹೂ ಎಂದು ಕಲಿಸುತ್ತೇವೆ. ತೆಲುಗು ಪಕಾರವನ್ನು ಉಳಿಸಿಕೊಂಡಿತು: ಪಾಲು, ಪುವ್ವು. ಮರಾಠಿ ಮತ್ತು ತಮಿಳಿನಲ್ಲಿ ಈ ಭಕ್ಷ್ಯ ‘ಪೋಳಿ’. ಹಾಗಿರುವಾಗ ನಮ್ಮ ಸೀಮೆಯ ತೆಲುಗಿನಲ್ಲಿ ಪಕಾರವಿಲ್ಲದ ‘ಓಳಿಗ’ ಇರುವುದು, ಆಡುಗನ್ನಡದಲ್ಲಿ ಹಕಾರ ಕಳಚಿಕೊಂಡ ‘ಓಳಿಗೆ’ಯೇ ಆಚೆಗೆ ಹೋಯಿತೆಂಬುದಕ್ಕೆ ಸೂಚನೆಯಂತಿದೆ. ಅಂದರೆ ಶಿಕ್ಷಕರು ತೆಲುಗೆಂದು ಹೊಡೆದುಹಾಕಿದ ಪದ ಮಗುವಿನ ಮನೆಯ ಕನ್ನಡವೇ. ‘ಬರೆಯುವಾಗ ಹಕಾರ ಸೇರಿಸು’ ಎಂಬ ಒಂದು ಸೂಚನೆ ಅಲ್ಲಿ ಸಾಕಾಗಿತ್ತು.

ಯುಗಾದಿಯ ಬೇವುಬೆಲ್ಲವೂ ಹೀಗೆಯೇ. ಕನ್ನಡದ ಮನೆಗಳಲ್ಲಿ ಬೇವು ಮತ್ತು ಬೆಲ್ಲ; ತೆಲುಗಿನ ಮನೆಗಳಲ್ಲಿ ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಸೇರಿದ ಆರು ರುಚಿಯ ಪಚ್ಚಡಿ. ಬೆಲ್ಲಕ್ಕೂ ಹುಣಸೆಗೂ ಹೆಸರಾದ ಮಾರುಕಟ್ಟೆಯಿರುವ ಹಿಂದೂಪುರದಲ್ಲಿ ಎರಡೂ ಪದ್ಧತಿಗಳು ಒಂದೇ ಬೀದಿಯಲ್ಲಿರುತ್ತವೆ. ಎರಡನ್ನೂ ತಿಂದ ಮಗು ಎರಡನ್ನೂ ಬರೆಯಲಿ.

ಕೊನೆಗೆ ಉಣ್ಣು–ತಿನ್ನು. ತೆಲುಗಿನಲ್ಲಿ ಅನ್ನವನ್ನೂ ‘ತಿನ್ನು’ವುದು ಸಹಜ ಪ್ರಯೋಗ. ಕನ್ನಡ ಬರಹದಲ್ಲಿ ಊಟವನ್ನು ಉಣ್ಣುತ್ತೇವೆ ಅಥವಾ ಮಾಡುತ್ತೇವೆ, ತಿಂಡಿಯನ್ನು ತಿನ್ನುತ್ತೇವೆ. ಉಗ್ಗಾಣಿ ತಿಂದು, ಕಾಫಿ ಕುಡಿದು, ಮನೆಗೆ ಬಂದು ಹಬ್ಬದೂಟ ಉಂಡ ದಿನದಲ್ಲಿ ಮೂರು ಧಾತುಗಳೂ ಇವೆ. ಬೇರೆ ಅಭ್ಯಾಸ ಹುಡುಕಬೇಕಾಗಿಲ್ಲ.

ಒಂದು ಮಾದರಿ

ನಾಲ್ಕನೆಯ ಪಿರಿಯಡ್‌ನಲ್ಲಿ ಬರಹ. ಅದಕ್ಕೆ ಮುನ್ನ ಕೆಳಗಿನಂಥ ಮಾದರಿಯನ್ನು ಒಮ್ಮೆ ಮಾತ್ರ ಓದಿ ಹೇಳಬೇಕು; ಹಲಗೆಯ ಮೇಲೆ ಬರೆದರೆ ಮಕ್ಕಳು ನಕಲು ಮಾಡುತ್ತಾರೆ. ಮಕ್ಕಳ ಮಾತುಗಳನ್ನು ಕೂಡಿಸಿ ತರಬೇತಿಗೆಂದು ನಾನು ರೂಪಿಸಿದ್ದು ಇದು.

‘ಯುಗಾದಿ ಭಾನುವಾರ ಬಂದಿತ್ತು. ನಾನು, ಚಿಕ್ಕಪ್ಪನ ಮಗ ರವಿ, ಪಕ್ಕದ ಮನೆಯ ಬಾಷಾ. ಮೂವರಿಗೆ ಎರಡು ಸೈಕಲ್ಲು. ಬಾಷಾ ನನ್ನ ಕ್ಯಾರಿಯರ್ ಮೇಲೆ ಕುಳಿತ. ದಾರಿಯಲ್ಲಿ ಚೈನು ಎರಡು ಸಲ ಕಳಚಿತು. ಹೋಟೆಲಿನಲ್ಲಿ ಒಂದು ತಟ್ಟೆ ಉಗ್ಗಾಣಿ ತೆಗೆದುಕೊಂಡೆವು. ಕಾಫಿ ಎರಡೇ. ಹೋಟೆಲಿನ ಅಣ್ಣ ಕೇಳದೆಯೇ ಮೂರನೆಯ ಲೋಟ ಇಟ್ಟ. ಲೇಪಾಕ್ಷಿಯ ಕಲ್ಲಿನ ತಟ್ಟೆಯಲ್ಲಿ ಮಳೆಯ ನೀರು ನಿಂತಿತ್ತು. ಮನೆಗೆ ಬಂದಾಗ ಅಜ್ಜಿ ಹೋಳಿಗೆ ತಟ್ಟುತ್ತಿದ್ದಳು. ಹೂರಣ ನೀರಾಯಿತೆಂದು ಅತ್ತೆಯ ಮೇಲೆ ಸಿಟ್ಟಾಗಿದ್ದಳು. ಬಾಷಾನಿಗೂ ಎಲೆ ಹಾಕಿದರು. ಅಮ್ಮ ಬೆಂಗಳೂರಿನಿಂದ ಇನ್ನೂ ಬಂದಿರಲಿಲ್ಲ. ನಾನು ಎರಡು ಹೋಳಿಗೆ ಎತ್ತಿಟ್ಟೆ.’

‘ಸಂತೋಷವಾಯಿತು’ ಎಂಬ ಪದ ಇಲ್ಲಿಲ್ಲ. ‘ದುಃಖವಾಯಿತು’ ಎಂಬುದೂ ಇಲ್ಲ. ಹುಡುಗನಿಗೆ ಏನನಿಸಿತೆಂದು ಮಕ್ಕಳನ್ನು ಕೇಳಿದರೆ ಅವರು ಹೇಳುತ್ತಾರೆ; ಎಲ್ಲಿಂದ ತಿಳಿಯಿತೆಂದು ಕೇಳಿದರೆ ಎತ್ತಿಟ್ಟ ಹೋಳಿಗೆಯನ್ನು ತೋರಿಸುತ್ತಾರೆ.

ಈ ಮಾದರಿಯಲ್ಲಿ ತಾಯಿ ಬೆಂಗಳೂರಿನಲ್ಲಿರುವುದು ಅಲಂಕಾರಕ್ಕಲ್ಲ. ಕಲ್ಯಾಣದುರ್ಗದ ಸುತ್ತಿನ ಒಣಸೀಮೆಯಿಂದ ದುಡಿಮೆಗೆಂದು ಬೆಂಗಳೂರಿಗೆ ಹೋದ ತಂದೆತಾಯಿಗಳ ಮಕ್ಕಳು ನಮ್ಮ ಬೆಂಚುಗಳಲ್ಲಿದ್ದಾರೆ. ಅವರಿಗೆ ಹಬ್ಬವೆಂದರೆ ಯಾರು ಬಂದರು, ಯಾರು ಬರಲಿಲ್ಲ ಎಂಬುದೇ. ಅಂಥದ್ದನ್ನು ಮಗು ಬರೆದರೆ ಶಿಕ್ಷಕರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು, ‘ಏಕೆ ಬರಲಿಲ್ಲ?’ ಎಂದು ಎಲ್ಲರೆದುರು ಕೇಳಲೂಬಾರದು. ಸೈಕಲ್ಲಿಲ್ಲದವರು, ಹೊರಗೆ ಸುತ್ತಲು ಮನೆಯಲ್ಲಿ ಅನುಮತಿ ಸಿಗದ ಹೆಣ್ಣುಮಕ್ಕಳು, ಯುಗಾದಿಯ ಬದಲು ರಂಜಾನ್ ಆಚರಿಸುವವರು ಎಲ್ಲರೂ ಇರುತ್ತಾರೆ. ನಡೆದು ಹೋದ ದಾರಿ, ಅಂಗಳದಲ್ಲಿ ಕುಳಿತು ಕುಡಿದ ಕಾಫಿ, ಪಕ್ಕದ ಮನೆಯಿಂದ ಬಂದ ಶೀರ್ ಕುರ್ಮಾ ಸಮಾನವಾಗಿ ವಿಷಯಗಳೇ. ‘ಊಟ ವಿಶೇಷವೇನಿರಲಿಲ್ಲ, ಮುದ್ದೆ ಮತ್ತು ಕಡಲೆಕಾಯಿ ಚಟ್ನಿ’ ಎಂದು ಬರೆದ ಮಗುವಿನ ಅಂಕ ಕಡಿಮೆಯಾಗಕೂಡದು.

ತಿದ್ದುವ ಬಗೆ

ತಿದ್ದುವಾಗ ಎರಡು ಬಣ್ಣದ ಶಾಯಿ ಇಟ್ಟುಕೊಳ್ಳುವುದು ಒಳ್ಳೆಯದು. ಕೆಂಪು ಬಣ್ಣ ಕನ್ನಡದ ವಾಕ್ಯರಚನೆಯನ್ನೇ ಕೆಡಿಸುವ ತಪ್ಪಿಗೆ ಮಾತ್ರ. ‘ಅಕ್ಕ ಬಂತು’, ‘ಅತ್ತೆ ಹೋಳಿಗೆ ಕೊಟ್ಟಿತು’ ಎಂಬುವು ಅಂಥವು. ತೆಲುಗಿನಲ್ಲಿ ‘ಅಕ್ಕ’ನಿಗೂ ‘ಆವು’ವಿಗೂ ಏಕವಚನದಲ್ಲಿ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾರೂಪ. ಕನ್ನಡದಲ್ಲಿ ಅಕ್ಕ ಬಂದಳು, ಹಸು ಬಂದಿತು. ಮಗು ಅವಿವೇಕದಿಂದ ಹೀಗೆ ಬರೆಯುವುದಿಲ್ಲ, ಪಕ್ಕದ ಭಾಷೆಯ ನಿಯಮವನ್ನು ಪಾಲಿಸುತ್ತಿರುತ್ತದೆ. ಎರಡು ನಿಯಮಗಳನ್ನೂ ಹಲಗೆಯ ಮೇಲೆ ಬರೆದು ತೋರಿಸಿದರೆ ತಪ್ಪು ಬೇಗ ಹೋಗುತ್ತದೆ. ಹಸಿರು ಬಣ್ಣ ‘ಹೋದ್ವಿ’ಯಂಥ ಆಡುರೂಪಗಳಿಗೆ, ‘ಓಳಿಗೆ’ಯಂಥ ಮನೆಯ ಪದಗಳಿಗೆ: ಅಡಿಗೆರೆ ಎಳೆದು ಪಕ್ಕದಲ್ಲಿ ಗ್ರಾಂಥಿಕ ರೂಪವನ್ನು ಬರೆಯುವುದು, ಅಂಕ ಕಳೆಯದಿರುವುದು. ಸಂಭಾಷಣೆಯೊಳಗೆ ಬಂದ ಆಡುರೂಪಕ್ಕೆ ಹಸಿರೂ ಬೇಡ.

ತೆಲುಗು ಸೋಂಕಿದರೆ ಕನ್ನಡ ಕೆಡುತ್ತದೆಂಬ ಭಯ ನಮ್ಮಲ್ಲಿ ಅನೇಕರಿಗಿದೆ. ಕಂಬದೂರು ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಜನಿಸಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗನ್ನು ಬೋಧಿಸಿದರು, ಕನ್ನಡದಲ್ಲಿಯೂ ಗ್ರಂಥಗಳನ್ನು ಬರೆದರು. ಒಂದು ಭಾಷೆಯ ಬಲ ಇನ್ನೊಂದಕ್ಕೆ ಒದಗಿದ ನಿದರ್ಶನ ನಮ್ಮ ಊರಿನ ಪಕ್ಕದಲ್ಲಿಯೇ ಇದೆ.

ಅಂಕಗಳು ಹತ್ತಾದರೆ ನಾಲ್ಕನ್ನು ಆ ದಿನಕ್ಕೇ ಸೇರಿದ ವಿವರಗಳಿಗೆ, ಮೂರನ್ನು ಕ್ರಿಯಾಪದಗಳ ಸರಿಯಾದ ಬಳಕೆಗೆ, ಎರಡನ್ನು ಘಟನೆಗಳ ಅನುಕ್ರಮಕ್ಕೆ, ಒಂದನ್ನು ಅಕ್ಷರಶುದ್ಧಿಗೆ ಇಡಬಹುದು. ಮೂರನೆಯ ಪಿರಿಯಡ್‌ನಲ್ಲಿ ಮಕ್ಕಳು ಮನೆಯಿಂದ ತಂದ ಅಡುಗೆಯ ಪದಗಳನ್ನು ಒಂದು ದೊಡ್ಡ ನೋಟುಪುಸ್ತಕದಲ್ಲಿ ಅಕಾರಾದಿಯಾಗಿ ಬರೆಯಿಸಿ, ಪ್ರತಿ ಪದದ ಮುಂದೆ ಹೇಳಿದವರ ಊರನ್ನೂ ಸಂಬಂಧವನ್ನೂ (ಅಜ್ಜಿ, ಅತ್ತೆ, ದೊಡ್ಡಮ್ಮ) ನಮೂದಿಸಿ ತರಗತಿಯ ಗ್ರಂಥಾಲಯದಲ್ಲಿ ಇರಿಸಬೇಕು. ಪ್ರತಿ ಪುಟದ ಕೆಳಭಾಗದಲ್ಲಿ ಮುಂದಿನ ವರ್ಷದ ತರಗತಿಗೆ ಐದಾರು ಗೆರೆಗಳಷ್ಟು ಜಾಗ ಬಿಡುವುದನ್ನು ಮರೆಯಬಾರದು.